ಎರಡನೇ ಕಾಪಿ

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ

ಮತ್ತೆ ಒದ್ದೆ ಟವೆಲ್ಲು ನನ್ನ ಕುರ್ಚಿಯ ಮೇಲೆ. ನೋಡದೆ ಒರಗಿದೆ, ಬೆನ್ನೆಲ್ಲ ತಣ್ಣಗಾಯಿತು. ಮೊದಲೆಲ್ಲ ಹೇಳುತ್ತಿದ್ದೆ. "ಓ, ಹೌದಾ" ಅನ್ನುತ್ತಿದ್ದರು, ಮರುದಿನ ಟವೆಲ್ಲು ಅಲ್ಲೇ. ಈಗ ಬಾಯಿ ನೋಯಿಸಿಕೊಳ್ಳುವುದಿಲ್ಲ. ಏನಾದರೂ ಕೇಳಿದರೆ "ಏನಿಲ್ಲ" ಅನ್ನುತ್ತೇನೆ, ಇಲ್ಲಿ ಬಂದು ಬರೆಯುತ್ತೇನೆ. ಗಂಡನಿಗೆ ಹೇಳುವುದಕ್ಕಿಂತ ಲ್ಯಾಪ್‌ಟಾಪಿಗೆ ಹೇಳುವುದು ವಾಸಿ. ಅದು "ಓ, ಹೌದಾ" ಅನ್ನುವುದಿಲ್ಲ.

ಹಳೆಯ ಲ್ಯಾಪ್‌ಟಾಪು ಕೆಟ್ಟಾಗ ಅದರಲ್ಲಿದ್ದ ದಿನಚರಿಯೂ ಹೋಯಿತು. ಈ ಸಲ ಬ್ಯಾಕಪ್ ಬೇಕೇ ಬೇಕು. ಇವರು ತಮ್ಮ ಕನ್ನಡಕದ ಅಂಗಡಿಯ ಆನ್‌ಲೈನ್ ಬ್ಯಾಕಪ್ ಅಕೌಂಟಿನಲ್ಲೇ ನನಗೊಂದು ಫೋಲ್ಡರು ಮಾಡಿಕೊಟ್ಟರು. ಗಿರಾಕಿಗಳ ಕಣ್ಣಿನ ನಂಬರುಗಳೆಲ್ಲ ಹೋಗಿ ಕೂರುವ ಜಾಗವೇ. ಪ್ರತಿ ಶನಿವಾರ ತಾನಾಗಿಯೇ ಬ್ಯಾಕಪ್ ಆಗುತ್ತದಂತೆ.

ಮಧ್ಯದಲ್ಲಿ ಬ್ಯಾಕಪ್ ಪ್ರೋಗ್ರಾಮು ಒಂದು ಪ್ರಶ್ನೆ ಕೇಳಿತು. ಫೈಲುಗಳ ಬೀಗದ ಕೀ ಕಂಪನಿಯವರು ಇಟ್ಟುಕೊಳ್ಳಬೇಕೋ, ನೀವೇ ಇಟ್ಟುಕೊಳ್ಳುತ್ತೀರೋ? ಅವರು ಇಟ್ಟುಕೊಂಡರೆ ಮರೆತಾಗ ತೆಗೆದುಕೊಡುತ್ತಾರೆ — ಮನಸ್ಸಾದಾಗ ತೆಗೆದು ಓದಲೂಬಹುದು. ನೀವೇ ಇಟ್ಟುಕೊಂಡರೆ ದೇವರಿಗೂ ಓದಲಾಗದು, ಕಳೆದುಕೊಂಡರೆ ನಿಮಗೂ ಆಗದು. ನಾನೇ ಇಟ್ಟುಕೊಳ್ಳುತ್ತೇನೆ ಅಂತ ಒತ್ತಿದೆ. ಪರದೆಯಲ್ಲಿ ಸಾಲುಸಾಲು ಇಂಗ್ಲಿಷ್ ಅಕ್ಷರ, ಅಂಕಿ. ಅದೇ ಕೀ.

ಫೆಬ್ರವರಿ 3, ಸೋಮವಾರ. ಸಂಜೆ

ಒಂದೇ ಹಗ್ಗಕ್ಕೆ ನೇತುಹಾಕಿದ ಲಿಫ್ಟನ್ನು ನಾನು ಯಾವತ್ತೂ ಪಾಸು ಮಾಡಿದವಳಲ್ಲ. ಕೆಲಸವೇ ಅದು, ಊರಿನ ಲಿಫ್ಟುಗಳ ತಪಾಸಣೆ. ಒಂದು ಹಗ್ಗ ಹೋದರೆ ಇನ್ನೊಂದು ಹಿಡಿಯಬೇಕು, ಅದೂ ಹೋದರೆ ಬ್ರೇಕು, ಅದೂ ಹೋದರೆ ಕೆಳಗಿನ ಗುಂಡಿಯಲ್ಲಿ ಸ್ಪ್ರಿಂಗು. ಹಾಗಾಗಿ ಕೀಗೂ ಎರಡು ಕಾಪಿ. ಒಂದು ನನ್ನ ಆಫೀಸಿನ ಡ್ರಾಯರಿಗೆ, ಇನ್ನೊಂದು ಇವರ ಅಂಗಡಿಯ ಕಬ್ಬಿಣದ ಕಪಾಟಿಗೆ.

ಇವರೇ ಪ್ರಿಂಟು ಹಾಕಿ ತಂದರು. ಪರದೆಯದಕ್ಕೂ ಕಾಗದದ್ದಕ್ಕೂ ತಾಳೆ ನೋಡಬೇಕಿತ್ತು. "ಓದೋಕೆ ನಾನೇ ಸರಿ" ಅಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಿರಾಕಿಗಳು ಗೋಡೆಯ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರ ಓದಿದರು.

"ಇದು ಸೊನ್ನೆನಾ, 'ಓ'ನಾ?"

"ನೀವೇ ಹೇಳಿ. ಕಣ್ಣಿನ ಡಾಕ್ಟ್ರು."

"ಡಾಕ್ಟ್ರಲ್ಲ, ಕನ್ನಡಕದವನು. ಸೊನ್ನೆ."

ನಕ್ಕೆವು. ಇಬ್ಬರೂ ಒಂದೇ ವಿಷಯಕ್ಕೆ ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ಇವರ ಕಾಪಿಯನ್ನು ಮಡಚಿ, ಲಕೋಟೆಗೆ ಹಾಕಿ, ತೂತು ಮಾಡಿ ತಂತಿ ಸುತ್ತಿ, ಆಫೀಸಿನ ಇಕ್ಕಳದಿಂದ ಸೀಸದ ಸೀಲು ಒತ್ತಿದೆ. ಲಿಫ್ಟಿನ ಬ್ರೇಕನ್ನು ಯಾರೂ ಮುಟ್ಟದಿರಲಿ ಅಂತ ಒತ್ತುವ ಸೀಲು, ನನ್ನ ನಂಬರಿನದು.

"ನನ್ಮೇಲೆ ನಂಬಿಕೆ ಇಲ್ವಾ?" ಅಂದರು.

"ನಂಬಿಕೆ ಇರೋದಕ್ಕೇ ನಿಮಗೆ ಕೊಡ್ತಿರೋದು. ಸೀಲು ಬರೀ ಅಭ್ಯಾಸ" ಅಂದೆ.

ಫೆಬ್ರವರಿ 8, ಶನಿವಾರ. ಮಧ್ಯಾಹ್ನ

ಬಂದರಿನಿಂದ ಮೇಲ್ ಬಂದಿದೆ. ಕೆಲಸ ನನಗೇ. ಕ್ರೇನು ತಪಾಸಣೆಯ ಇಡೀ ವಿಭಾಗ. ಆಫೀಸಿನ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ಓದಿದೆ. ಮಾರ್ಚ್ ಮುಗಿಯುವುದರೊಳಗೆ ಹೇಳಬೇಕು.

ಇವರಿಗೆ ಗೊತ್ತಿಲ್ಲ. ಆಫೀಸಿನ ಕೆಲಸ ಅಂತ ಹೇಳಿ ಇಂಟರ್‌ವ್ಯೂ ಮುಗಿಸಿ ಬಂದಿದ್ದೆ. ಬಂದರು ಇಲ್ಲಿಂದ ರೈಲಿನಲ್ಲಿ ಅರ್ಧ ದಿನದ ದಾರಿ. ಇವರು ಅಂಗಡಿ ಬಿಟ್ಟು ಬರುವವರಲ್ಲ. ಅಂದರೆ ನಾನು ಹೋದರೆ, ಒಬ್ಬಳೇ ಹೋದಂತೆ. ಇಬ್ಬರಿಗೂ ಗೊತ್ತಾಗುತ್ತದೆ ಅದು ಬರೀ ಕೆಲಸಕ್ಕೆ ಹೋದದ್ದಲ್ಲ ಅಂತ.

ಹೋಗಬೇಕು ಅನಿಸುತ್ತದೆ. ಮನೆಗೆ ಬಂದರೆ ಒಂದು ಮಾತಿಲ್ಲ. ಇವರು ಬರುತ್ತಾರೆ, ಟಿವಿ ಹಾಕುತ್ತಾರೆ. ಇಡೀ ದಿನ ಮೋಟಾರು ಕೋಣೆ, ಕತ್ತಲ ಗುಂಡಿ ಅಂತ ಹತ್ತಿಳಿದು ಬಂದವಳನ್ನು "ಇವತ್ತು ಹೇಗಿತ್ತು" ಅಂತ ಕೇಳುವವರಿಲ್ಲ. ಯಾರಾದರೂ ನನ್ನನ್ನು ಮಾತಾಡಿಸಿದರೂ ಉತ್ತರ ಇವರದೇ. ನಿನ್ನೆ ಪಕ್ಕದ ಮನೆಯಾಕೆ ಸಕ್ಕರೆ ಹಾಕಲಾ ಅಂತ ನನ್ನನ್ನು ಕೇಳಿದರೆ "ಇವಳಿಗೆ ಬೇಡ" ಅಂದರು. ಬೇಕಿತ್ತು.

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ

ಇವರು ಅಂಗಡಿಗೆ ಹೋಗಿದ್ದಾರೆ. ರಜೆಯ ದಿನವೂ. ಹೋದ ಭಾನುವಾರವೂ ಹೋಗಿದ್ದರು. ಸ್ಟಾಕು ನೋಡಬೇಕಂತೆ, ಇನ್ನು ಪ್ರತಿ ವಾರ ಅಂತೆ. ಒಳ್ಳೆಯದೇ ಆಯಿತು. ಟಿವಿ ಸದ್ದಿಲ್ಲದ ಮನೆ. ಕಾಲು ಚಾಚಿ ಮಲಗಿ ಕಿಟಕಿಯನ್ನೇ ನೋಡಿದೆ.

ಫೆಬ್ರವರಿ 17, ಸೋಮವಾರ

ಕುರ್ಚಿ ಒಣಗಿದೆ! ಟವೆಲ್ಲು ಹಗ್ಗದ ಮೇಲೆ, ಎರಡು ಕ್ಲಿಪ್ಪು ಹಾಕಿ. ಸೂರ್ಯ ಯಾವ ಕಡೆ ಹುಟ್ಟಿದನೋ.

ಫೆಬ್ರವರಿ 24, ಸೋಮವಾರ. ಊಟದ ನಂತರ

"ಇವತ್ತು ಯಾವ ಲಿಫ್ಟು?"

ಯಾರನ್ನು ಕೇಳುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದೆ. ನನ್ನನ್ನೇ. ಆಸ್ಪತ್ರೆಯ ಲಿಫ್ಟಿನ ಕಥೆ ಹೇಳಿದೆ — ಬಾಗಿಲು ಮುಚ್ಚುವ ಮೊದಲೇ ಹೊರಡುವುದು, ಮಾಲೀಕರು "ಅದಕ್ಕೆ ಸ್ವಲ್ಪ ಅವಸರ ಮೇಡಂ" ಅಂದದ್ದು. ಇವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಟಿವಿ ಹಾಕಲಿಲ್ಲ. ಮಾತಾಡಿ ಮಾತಾಡಿ ನನ್ನ ಊಟ ಆರಿಹೋಯಿತು, ತಣ್ಣಗಿನದನ್ನೇ ಉಂಡೆ, ಚೆನ್ನಾಗಿತ್ತು.

ಮಾರ್ಚ್ 1, ಶನಿವಾರ

ಈಗ ಅತಿಯಾಯಿತು. ಎಷ್ಟು ಮಹಡಿ, ಯಾರು ಸಿಕ್ಕರು, ಏನಂದರು, ನೀನೇನಂದೆ — ಊಟದ ಮೇಜೋ ಪೊಲೀಸ್ ಠಾಣೆಯೋ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಒಂದೇ ಪ್ರಶ್ನೆ ಕೇಳಿ ಸುಮ್ಮನೆ ಕಾದರೆ ಸಾಕಲ್ಲ, ನಾನಾಗಿಯೇ ಹೇಳುತ್ತೇನೆ.

ಮಾರ್ಚ್ 4, ಮಂಗಳವಾರ

ಒಂದೇ ಪ್ರಶ್ನೆ. ಆಮೇಲೆ ಸುಮ್ಮನೆ ಕಾದರು. ನಿನ್ನೆಯೂ ಹಾಗೇ.

ಹೇಗೆ ಗೊತ್ತಾಯಿತು ಇವರಿಗೆ? ಮುಖದಲ್ಲೇ ಓದಿಕೊಂಡರೇ? ಇಷ್ಟು ವರ್ಷ ಜೊತೆಗಿದ್ದು ಈಗ ನನ್ನನ್ನು ನೋಡಲು ಕಲಿತರು ಅಂತ ಕಾಣುತ್ತದೆ. ನಾಚಿಕೆಗೇಡು, ಒಂದು ಪ್ರಶ್ನೆಗೆ ಅಳುವುದು.

ಮಾರ್ಚ್ 11, ಮಂಗಳವಾರ

ಪಕ್ಕದ ಮನೆಯಾಕೆ ಮತ್ತೆ ಕೇಳಿದರು, ಸಕ್ಕರೆ? ಇವರು ಬಾಯಿ ತೆರೆದು, ಮುಚ್ಚಿ, ನನ್ನ ಕಡೆ ತಿರುಗಿದರು. "ಎರಡು ಚಮಚ" ಅಂದೆ, ಜಂಬದಿಂದ.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಏನ್ ಮಂತ್ರ ಹಾಕ್ದೆ?" ಅಂದಳು. "ಏನೂ ಇಲ್ಲ ಕಣೇ, ತಾನಾಗೇ." "ತಾನಾಗೇ ಬದಲಾಗೋ ಗಂಡಸು ಇದ್ರೆ ನನಗೂ ಒಂದು ವಿಳಾಸ ಕೊಡು. ನಿಮ್ಮ ಭಾವನ್ನ ಕಳಿಸ್ತೀನಿ, ಕಲ್ತು ಬರ್ಲಿ."

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ

ಬಂದರಿಗೆ ಬರೆದು ಕಳಿಸಿದೆ. ಬರಲಾಗುವುದಿಲ್ಲ, ಕ್ಷಮಿಸಿ, ಮನೆಯ ಕಾರಣ.

ಒತ್ತುವ ಮೊದಲು ಬಹಳ ಹೊತ್ತು ಕೂತೆ. ಕ್ರೇನುಗಳ ಆಸೆ ಇತ್ತು, ಸುಳ್ಳು ಯಾಕೆ. ಕಾಲೇಜಿನಿಂದ ಇದ್ದ ಆಸೆ. ಆದರೆ ಹೋಗಬೇಕು ಅನ್ನುವುದರಲ್ಲಿ ಅರ್ಧ, ಇಲ್ಲಿಂದ ಹೋಗಬೇಕು ಅನ್ನುವುದೇ ಇತ್ತು. ಆ ಅರ್ಧ ಈಗ ಇಲ್ಲ. ಹೇಳದೆಯೇ ಅರ್ಥ ಮಾಡಿಕೊಳ್ಳುವ ಒಬ್ಬ ಮನುಷ್ಯ ಮನೆಯಲ್ಲಿರುವಾಗ ಎಲ್ಲಿಗೆ ಅಂತ ಹೋಗುವುದು?

ಇವರಿಗೆ ಹೇಳಲಿಲ್ಲ. ಬಂದದ್ದೂ ಗೊತ್ತಿಲ್ಲ, ಬಿಟ್ಟದ್ದೂ ಗೊತ್ತಾಗುವುದು ಬೇಡ.

ಏಪ್ರಿಲ್ 3, ಗುರುವಾರ. ಸಂಜೆ

ಹಳೆಯ ಬ್ಯಾಂಕಿನ ಕಟ್ಟಡ. ಗುಂಡಿಯಲ್ಲಿ ಎಣ್ಣೆ ಚೆಲ್ಲಿತ್ತು, ಜಾರಿದೆ. ಎಡ ಮಂಡಿ ಲಿಫ್ಟು ಜಾರುವ ಕಂಬಿಗೆ ಬಡಿಯಿತು. ಊತ ಇದೆ, ನಡೆಯಲು ತೊಂದರೆಯಿಲ್ಲ. ಆಫೀಸಿನಲ್ಲಿ ಹೇಳಿದರೆ ಒಂದು ರಾಶಿ ಕಾಗದ ತುಂಬಿಸುತ್ತಾರೆ, ಮನೆಯಲ್ಲಿ ಹೇಳಿದರೆ ಗಾಬರಿಯಾಗುತ್ತಾರೆ. ಯಾರಿಗೂ ಹೇಳಲಿಲ್ಲ.

ಏಪ್ರಿಲ್ 7, ಸೋಮವಾರ. ಸಂಜೆ

ಬಾಗಿಲು ತೆಗೆದರೆ ನಡುಮನೆಯಲ್ಲಿ ಸ್ಟೂಲು, ಅದರ ಮೇಲೆ ದಿಂಬು, ಪಕ್ಕದಲ್ಲಿ ನೋವಿನ ಮುಲಾಮು.

"ಕೂತ್ಕೋ. ಎಡಗಾಲು ಚಾಚು."

"ನಿಮಗೆ ಹೇಗೆ ಗೊತ್ತಾಯ್ತು?"

"ಮೆಟ್ಟಿಲು ಹತ್ತುವಾಗ ನೋಡ್ದೆ. ಎಡಗಾಲು ಎಳೀತಿದ್ದೆ."

"ಎಡ ಅಲ್ಲ, ಬಲ" ಅಂತ ನಕ್ಕೆ. ಇವರು ನಗಲಿಲ್ಲ. ಸ್ಟೂಲನ್ನು ಬಲಕ್ಕೆ ಎಳೆದು, ತಲೆ ತಗ್ಗಿಸಿ ಮುಲಾಮು ಹಚ್ಚಿದರು. ಲೆನ್ಸು ಒರೆಸಿ ಒರೆಸಿ ಪಳಗಿದ ಬೆರಳುಗಳು, ನೋವೇ ಆಗಲಿಲ್ಲ.

ಏಪ್ರಿಲ್ 8, ಮಂಗಳವಾರ. ಆಫೀಸು, ಊಟದ ಬಿಡುವು

ನಿಧಾನವಾಗಿ ಬರೆಯುತ್ತೇನೆ.

ಬ್ಯಾಂಕಿನ ಲಿಫ್ಟಿನ ವರದಿ ಟೈಪು ಮಾಡುತ್ತಿದ್ದೆ. ನಮ್ಮ ವರದಿಗಳಲ್ಲಿ ಎಡ, ಬಲ ಅಂದರೆ ಬಾಗಿಲ ಹೊರಗೆ ನಿಂತು ಒಳಗೆ ನೋಡುವವರ ಎಡ, ಬಲ. ಒಳಗಿರುವವರು ಯಾವ ಕಡೆ ತಿರುಗಿದ್ದರೂ ಲೆಕ್ಕವಿಲ್ಲ. "ಎಡ ಕಂಬಿಯ ಬಳಿ ಎಣ್ಣೆ ಸೋರಿಕೆ" ಅಂತ ಬರೆದೆ. ಆವತ್ತು ಗುಂಡಿಯಲ್ಲಿ ನಾನು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದೆ. ಎಡ ಕಂಬಿ ನನ್ನ ಬಲಕ್ಕಿತ್ತು. ಬಡಿದದ್ದು ಬಲ ಮಂಡಿ.

ದಿನಚರಿ ತೆಗೆದು ನೋಡಿದೆ. ಎಡ ಮಂಡಿ ಅಂತಿದೆ. ಕೈಗೆ ಅಂಟಿದ ಚಾಳಿ, ಮೈಯ ಮಾತನ್ನೂ ವರದಿಯ ಹಾಗೆ ಬರೆದುಬಿಟ್ಟಿದ್ದೇನೆ.

ನನ್ನ ಎಡಗಾಲಿಗೆ ಏನೂ ಆಗಿಲ್ಲ. ಅದನ್ನು ನಾನು ಎಳೆದಿಲ್ಲ. ಎಡಗಾಲಿಗೆ ಪೆಟ್ಟು ಅಂತ ಇರುವುದು ಇಡೀ ಜಗತ್ತಿನಲ್ಲಿ ಇಲ್ಲೊಂದೇ ಕಡೆ.

ಟವೆಲ್ಲು. ಒಂದೇ ಪ್ರಶ್ನೆ. ಸಕ್ಕರೆ. ಶನಿವಾರದ ಬ್ಯಾಕಪ್, ಭಾನುವಾರದ ಸ್ಟಾಕು.

ಇಲ್ಲ, ಸೀಲು ಇದೆಯಲ್ಲ. ಸೀಲು ನೋಡದೆ ಏನೂ ಅನ್ನಬಾರದು.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ, ಅಂಗಡಿಯಿಂದ ಬಂದ ಮೇಲೆ

ಲಕೋಟೆ ಕೇಳಿದೆ. ಕಪಾಟು ತೆಗೆದು ಕೊಟ್ಟರು. ತಂತಿ ಹಾಗೇ ಇದೆ. ಸೀಸ ಹಾಗೇ ಇದೆ. ನನ್ನ ನಂಬರು. ಬೆರಳಿನಿಂದ ಸವರಿ ನೋಡಿದೆ. ಯಾರೂ ಮುಟ್ಟಿಲ್ಲ. ಒಂದು ಕ್ಷಣ ನನ್ನ ಮೇಲೇ ಅಸಹ್ಯವಾಯಿತು, ಎಂಥ ಹೆಂಗಸು ನಾನು ಅಂತ. ಕ್ಷಮೆ ಕೇಳಲು ತಲೆಯೆತ್ತಿದೆ. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಹೊರಗೆ ಒಬ್ಬ ಗಿರಾಕಿ ಫ್ರೇಮು ಹಾಕಿ ಹಾಕಿ ನೋಡುತ್ತಿದ್ದ. ಒಳಗಿನ ಟೆಸ್ಟ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಪ್ರಿಂಟ್ ಹಾಕುವಾಗ್ಲೇ ಇನ್ನೊಂದು ಹಾಕ್ದೆ" ಅಂದರು. "ಲಕೋಟೆ ಏನಾದ್ರೂ ಕಳೆದ್ರೆ ಅಂತ. ಒಂದರ ಮೇಲೇ ನಂಬ್ಕೊಂಡಿರಬಾರ್ದು ಅಂತ ನೀನೇ ಹೇಳ್ತೀಯಲ್ಲ. ದೇವರಾಣೆ, ಓದ್ಬೇಕು ಅಂತ ಹಾಕಿದ್ದಲ್ಲ."

ಪರ್ಸಿನಿಂದ ತೆಗೆದು ತೋರಿಸಿದರು. ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿದೆ ಕಾಗದ.

"ಮತ್ತೆ ಯಾಕೆ ಓದಿದ್ರಿ?"

"ಕೇಳಿದ್ರೆ ನೀನು ಏನೂ ಹೇಳಲ್ಲ." ಲೆನ್ಸಿನ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಇಲ್ಲಿ ಬಂದೋರ್ನ ಕೂರಿಸಿ ಕೇಳ್ತೀನಿ, ಇದು ಸರೀನಾ, ಇದಾ ಅಂತ. ಅವರು ಹೇಳ್ತಾರೆ, ಲೆನ್ಸು ಬದಲಾಯಿಸ್ತೀನಿ. ನಿನಗೆ ಯಾವ್ದು ಹಾಕಿದ್ರೂ 'ಏನಿಲ್ಲ'. ಕುರುಡನ ಹಾಗೆ ಎಷ್ಟು ವರ್ಷ ಅಂತ ಇರ್ಲಿ? ಅದ್ರಲ್ಲಿ ಎಲ್ಲಾ ಇತ್ತು. ಒಂದು ಸರಿಮಾಡೋದು, ಭಾನುವಾರ ನೋಡೋದು, ನಿನಗೆ ಹಿಡಿಸಿದ್ರೆ ಇನ್ನೊಂದು..."

"ಬಂದರಿನ ಕೆಲಸ?"

ಲೆನ್ಸಿನ ಪೆಟ್ಟಿಗೆಯ ಮುಚ್ಚಳ ಹಾಕಿದರು.

"ಅದನ್ನೂ ಓದಿದ್ರಾ?"

"ಮೊದಲ್ನೇ ಸಲಾನೇ."

"ಓದಿ, ಏನೂ ಗೊತ್ತಿಲ್ಲದ ಹಾಗೆ ಟವೆಲ್ ಒಣಗೋಕೆ ಹಾಕಿದ್ರಿ."

"ನೀನೂ ನನಗೆ ಹೇಳಿರ್ಲಿಲ್ಲ."

ಹೌದು, ಹೇಳಿರಲಿಲ್ಲ. ಆದರೆ ಹೇಳದೆ ಇರುವುದೂ ಕದ್ದು ಓದುವುದೂ ಒಂದೇ ತಕ್ಕಡಿಯಲ್ಲಿ ಕೂರುತ್ತವೆಯೇ? ಹಾಗಂತ ಕೇಳಬೇಕಿತ್ತು. ಅಷ್ಟರಲ್ಲಿ ಹೊರಗಿನ ಗಿರಾಕಿ ಬಾಗಿಲು ತಟ್ಟಿ, ಈ ಫ್ರೇಮು ಮುಖಕ್ಕೆ ಒಪ್ಪುತ್ತದಾ ಅಂತ ಕೇಳಿದ. ಇವರು ಇಣುಕಿ "ಚೆನ್ನಾಗಿದೆ ಸಾರ್" ಅಂದರು. ನಾನು ಅದೇ ಸಂದಿನಲ್ಲಿ ಹೊರಬಂದೆ.

ಏಪ್ರಿಲ್ 10, ಗುರುವಾರ

ಆಫೀಸಿಗೆ ಹೋಗಲಿಲ್ಲ.

ಮಾರ್ಚ್ ತಿಂಗಳ ಪುಟಗಳನ್ನು ಓದಲಾಗುತ್ತಿಲ್ಲ. ಪ್ರೀತಿ ಅಂದುಕೊಂಡು ಎಷ್ಟು ಕುಣಿದಿದ್ದೇನೆ. "ಮುಖದಲ್ಲೇ ಓದಿಕೊಂಡರೇ" ಅಂತ ಬೇರೆ ಬರೆದಿದ್ದೇನೆ, ಪೆದ್ದಿ. ಅದನ್ನೂ ಓದಿರುತ್ತಾರೆ. ಓದಿ, ಸದ್ಯ ಕೆಲಸ ಮಾಡುತ್ತಿದೆ ಅಂತ ಸಮಾಧಾನಪಟ್ಟಿರುತ್ತಾರೆ. ಒಂದು ಪ್ರಶ್ನೆಗೆ ಅತ್ತೆ ಅಂತ ಬರೆದದ್ದನ್ನೂ. ಬಟ್ಟೆ ಬದಲಾಯಿಸುವಾಗ ಯಾರೋ ಬಾಗಿಲ ಸಂದಿಯಲ್ಲಿ ನಿಂತಿದ್ದರು ಅಂತ ತಿಂಗಳುಗಳಾದ ಮೇಲೆ ಗೊತ್ತಾದಂತಿದೆ.

ಅದಕ್ಕಿಂತ ಹೆಚ್ಚು ಉರಿಯುವುದು ಬಂದರು. ನಾನು ಬೇಡ ಅಂದದ್ದು ಯಾರನ್ನು ನೋಡಿ? ನಾನೇ ಬರೆದದ್ದನ್ನು ಓದಿ ನನಗೇ ತೋರಿಸಿದ ಮನುಷ್ಯನನ್ನು ನೋಡಿ. "ಹೋಗಬೇಡ" — ಇದೊಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಬಹುಶಃ ಉಳಿದೂ ಬಿಡುತ್ತಿದ್ದೆ. ಆಗ ಅದು ನನ್ನ ತೀರ್ಮಾನವಾಗಿರುತ್ತಿತ್ತು.

ಅಕ್ಕನಿಗೆ ಹೇಳಿದೆ. "ಕುಡಿಯಲ್ಲ, ಹೊಡೆಯಲ್ಲ. ನಿನ್ನ ಡೈರಿ ಓದಿ ಒಳ್ಳೆಯವನಾದ. ಇದನ್ನ ಯಾರ ಹತ್ರ ಹೇಳ್ಕೊಂಡು ಅಳ್ತೀಯೇ?" ಅಂದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ನನ್ನ ಬಗ್ಗೆನೂ ಬರ್ದಿದ್ದೀಯಾ ಅದ್ರಲ್ಲಿ?" ಅಂತ ಕೇಳಿದಳು.

ಏಪ್ರಿಲ್ 12, ಶನಿವಾರ

ಹೊಸ ಕೀ ಮಾಡಿದೆ. ಹಳೆಯ ಕೀಯಿಂದ ಬೀಗ ಹಾಕಿದ ಬ್ಯಾಕಪ್ಪೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲಾ ಅಂತ ಕೇಳಿತು. ಮುಂದುವರಿಸು. ಅಕೌಂಟೂ ಈಗ ನನ್ನದೇ, ಬೇರೆ. ಕೀಯನ್ನು ಪ್ರಿಂಟರಿಗೆ ಕಳಿಸದೆ ಕೈಯಲ್ಲೇ ಬರೆದುಕೊಂಡೆ. ಸೊನ್ನೆಯ ಹೊಟ್ಟೆಗೆ ಗೀಟು ಹಾಕಿ.

ಇವರು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ.

"ಎರಡನೇ ಕಾಪಿ ಎಲ್ಲಿಡ್ತೀಯ?"

"ಎರಡನೇ ಕಾಪಿ ಇಲ್ಲ."

"ಕಳೆದ್ರೆ?"

"ಕಳೀಲಿ."

ಒಂದೇ ಹಗ್ಗದ ಲಿಫ್ಟು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬಾಗಿಲಿಗೆ ನೋಟಿಸು ಅಂಟಿಸಿ ಬರುತ್ತಿದ್ದೆ.

ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ

ಭಾನುವಾರ ಇವರು ಎಲ್ಲೂ ಹೋಗಲಿಲ್ಲ. ಈಗ ದಾರಿ ತಪ್ಪಿದವರ ಹಾಗೆ ಮನೆಯಲ್ಲಿ ಓಡಾಡುತ್ತಾರೆ. ಟಿವಿ ಹಾಕ್ಲಾ, ಬೇಡ್ವಾ? ಕಿಟಕಿ ಮುಚ್ಲಾ? ಮಾತಾಡ್ಲಾ, ಸುಮ್ನಿರ್ಲಾ? ಒದ್ದೆ ಟವೆಲ್ಲನ್ನು ಕೈಯಲ್ಲೇ ಹಿಡಿದು ನಡುಮನೆಯಲ್ಲಿ ನಿಂತಿದ್ದರು ಇವತ್ತು. ಕನಿಕರ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

ನನಗೂ ಏನೋ ಆಗಿದೆ. ಮೇಲಿನ ಸಾಲು ಬರೆದು, "ಕನಿಕರ" ಅನ್ನುವುದು ಹೆಚ್ಚಾಯಿತೇನೋ ಅಂತ ಅಳಿಸಿ, ಮತ್ತೆ ಬರೆದೆ. ಯಾರೂ ಓದಲಾರರು ಅಂತ ಗೊತ್ತು. ಆದರೂ ಹೆಗಲ ಹಿಂದೆ ಯಾರೋ ಇದ್ದಾರೆ ಅನಿಸುತ್ತದೆ. ಮೊದಲಿನ ಹಾಗೆ ಬಾಯಿಗೆ ಬಂದದ್ದು ಬರೆಯಲಾಗುತ್ತಿಲ್ಲ. ಇದೊಂದು ಜಾಗ ಇತ್ತು ನನಗೆ.

ಏಪ್ರಿಲ್ 17, ಗುರುವಾರ

ಬಂದರಿಗೆ ನಾನೇ ಫೋನು ಮಾಡಿದೆ. ಬೇರೆಯವರಿಗೆ ಕೊಟ್ಟಿದ್ದರಂತೆ, ಆತ ಬಂದು ಎತ್ತರದ ಏಣಿ ನೋಡಿ ವಾಪಸು ಹೋದನಂತೆ. "ನಿಮಗೆ ಎತ್ತರ ಭಯ ಇಲ್ಲ ತಾನೇ ಮೇಡಂ?" ಅಂತ ಕೇಳಿದರು ಅಲ್ಲಿಯ ಸಾಹೇಬರು. ಇಲ್ಲ ಅಂದೆ. ಸೋಮವಾರ ಬಂದು ಸಹಿ ಹಾಕಿ, ಮುಂದಿನ ತಿಂಗಳು ಸೇರಿಕೊಳ್ಳಿ ಅಂದರು.

ಏಪ್ರಿಲ್ 19, ಶನಿವಾರ. ಸಂಜೆ

ಹೇಳಿದೆ. ಬಾಯಿಬಿಟ್ಟು, ಎದುರು ಕೂತು.

"ಸೋಮವಾರ ಬಂದರಿಗೆ ಹೋಗಿ ಸಹಿ ಹಾಕ್ತೀನಿ. ಮುಂದಿನ ತಿಂಗಳಿಂದ ಅಲ್ಲೇ ಇರ್ತೀನಿ. ನೀವು ಬರೋದು ಬೇಡ."

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಬೇಡ ಅಂತ ಬೇಡಿಕೊಳ್ಳುತ್ತಾರೆ, ಅದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಗಿರಾಕಿಗಳಿಗೆ ಹಾಗೆ ಒರೆಸಬೇಡಿ ಅಂತ ದಿನಾ ಹೇಳುವವರು. ಮತ್ತೆ ಹಾಕಿಕೊಂಡು ನನ್ನ ಮುಖ ನೋಡಿದರು. ಕೊಂಕಿರಲಿಲ್ಲ ಮಾತಿನಲ್ಲಿ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು.

"ಅದ್ರಲ್ಲೂ ಹಾಗೇ ಬರ್ದಿದ್ದೀಯಾ?"

ಎದುರಿಗೆ ಕೂತು ಹೇಳಿದರೂ ಸಾಲದು. ನನ್ನ ಬಾಯಿಂದ ಬಂದದ್ದು ಇವರಿಗೆ ಇನ್ನೂ "ಏನಿಲ್ಲ"ವೇ. ಇಷ್ಟೆಲ್ಲ ಆದ ಮೇಲೂ ಇವರು ನಂಬುವ ಹೆಂಡತಿ ನಾನಲ್ಲ, ಇದು.

ಎದ್ದು ಬಂದೆ. ಬಾಗಿಲು ಹಾಕಿಲ್ಲ. ಇವರು ಇನ್ನೂ ಮೇಜಿನ ಹತ್ತಿರವೇ ಇದ್ದಾರೆ, ತಟ್ಟೆಯ ಸದ್ದಿಲ್ಲ. ನಾನು ಟೈಪು ಮಾಡುವುದು ಕೇಳಿಸುತ್ತಿರಬೇಕು. ಕಾಯುತ್ತಿದ್ದಾರೆ. ಸರಿ, ಬರೆಯುತ್ತೇನೆ. ಸೋಮವಾರ ನಾನು ಬಂದರಿಗೆ ಹೋಗುತ್ತೇನೆ.